ಬ್ಯಾಟರಿಯ ಮೂರನೇ ತುದಿ

ಪ್ಲಸ್, ಮೈನಸ್ ಎರಡೇ ಸಾಕಾಗುವಾಗ ಮೊಬೈಲ್ ಬ್ಯಾಟರಿಗೆ ಮೂರನೇ ತುದಿ ಯಾಕೆ? ಶಾಖ ಅಳೆಯಲಿಕ್ಕೆ ಎಂದಾದರೆ, ಅಳೆಯುವ ಆ ಸಾಧನಕ್ಕೆ ಕರೆಂಟು ಕೊಡುವವರು ಯಾರು? ರಿಪೇರಿ ಕಲಿಯಲು ಕೂತ ಯಾರಿಗಾದರೂ ಏಳಬೇಕಾದ ಪ್ರಶ್ನೆಗಳಿವು. ಅದಕ್ಕೆಂದೇ ಬೇರೆ ಕರೆಂಟು ಬೇಕಾಗುವುದೇ ಇಲ್ಲ, ಸೊಗಸು ಇರುವುದು ಅಲ್ಲೇ. ಒಳಗಿರುವುದು ಥರ್ಮಿಸ್ಟರ್, ಲೋಹದ ಆಕ್ಸೈಡುಗಳನ್ನು ಸುಟ್ಟು ಮಾಡಿದ ಸಾಸಿವೆಯಂಥ ಮಣಿ. ತಾಮ್ರದ ತಂತಿ ಕಾದರೆ ಅದರ ರೋಧ ಏರುತ್ತದೆ, ಇದರದು ಇಳಿಯುತ್ತದೆ. ಇಂಥ ತಿರುವುಮುರುವನ್ನು ಮೈಕೇಲ್ ಫ್ಯಾರಡೆ 1833ರಲ್ಲೇ ಬೆಳ್ಳಿಯ ಸಲ್ಫೈಡಿನಲ್ಲಿ ಕಂಡಿದ್ದ. ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ಬಳಸುವ ಮಣಿ 25 ಡಿಗ್ರಿಯಲ್ಲಿ 10,000 ಓಂ ಇದ್ದರೆ, 45 ಡಿಗ್ರಿಗೆ ಅದರ ಅರ್ಧಕ್ಕೂ ಕೆಳಗಿಳಿಯುತ್ತದೆ, 0 ಡಿಗ್ರಿಗೆ ಸುಮಾರು ಮೂರು ಪಟ್ಟಾಗುತ್ತದೆ.

ಓಂ ಅಳೆಯಲಿಕ್ಕೂ ಕರೆಂಟು ಹರಿಯಲೇಬೇಕಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ಸರಿಯೇ. ಆದರೆ ಚಾರ್ಜ್ ಮಾಡಬಹುದೇ ಬೇಡವೇ ಎಂಬ ಪ್ರಶ್ನೆ ಹುಟ್ಟುವುದು ಚಾರ್ಜರ್ ಚಾಲೂ ಇದ್ದಾಗ ಮಾತ್ರ, ಆಗ ಕರೆಂಟು ಅಲ್ಲೇ ಇರುತ್ತದೆ. ಆ ವೋಲ್ಟೇಜು ಸ್ಥಿರವಲ್ಲವಲ್ಲ, ಲೆಕ್ಕ ತಪ್ಪದೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ತಪ್ಪುವುದಿಲ್ಲ. ಮಣಿಯ ಜೊತೆಗೆ ಬದಲಾಗದ 10,000 ಓಂನ ರೆಸಿಸ್ಟರ್ ಒಂದನ್ನು ಸರಣಿಯಲ್ಲಿ ಜೋಡಿಸಿ, ಎರಡಕ್ಕೂ ಚಾರ್ಜರಿನ ವೋಲ್ಟೇಜನ್ನೇ ಕೊಡುತ್ತಾರೆ. ಚಾರ್ಜನ್ನು ನಿಯಂತ್ರಿಸುವ ಚಿಪ್ ನೋಡುವುದು ಮಣಿಯ ಪಾಲು ಒಟ್ಟಿನಲ್ಲಿ ಎಷ್ಟು ಎಂಬುದನ್ನು, ಎಷ್ಟು ವೋಲ್ಟ್ ಎಂಬುದನ್ನಲ್ಲ. 25 ಡಿಗ್ರಿಯಲ್ಲಿ ಪಾಲು ಸರಿಯಾಗಿ ಅರ್ಧ. ಪೂರೈಕೆ 5 ವೋಲ್ಟಿನಿಂದ 4.5ಕ್ಕೆ ಕುಸಿದರೂ ಅರ್ಧ ಅರ್ಧವೇ! ಹೀಗೆ ಅಳತೆಗೋಲೂ ಅಳೆಯಲ್ಪಡುವುದೂ ಒಟ್ಟಿಗೇ ಕುಗ್ಗುವುದರಿಂದ ದೋಷ ತಾನಾಗಿ ಅಳಿಸಿಹೋಗುತ್ತದೆ. ಅಷ್ಟು ಕರೆಂಟಿಗೆ ಮಣಿಯೇ ಕಾದುಹೋಗದೇ ಎಂದರೆ, ಅದರಲ್ಲಿ ವ್ಯಯವಾಗುವುದು ಒಂದು ಮಿಲಿವ್ಯಾಟಿಗೂ ಕಡಿಮೆ. ಕರೆಂಟೇ ಬೇಡದ ದಾರಿಯೂ ಇದೆ. ಹಿಗ್ಗುವ ಪ್ರಮಾಣ ಬೇರೆಬೇರೆಯಾದ ಎರಡು ಲೋಹಗಳ ಜೋಡಿಬಿಲ್ಲೆ ಕಾದಾಗ ತಾನೇ ಬಾಗಿ ಸಂಪರ್ಕ ಕಡಿಯುತ್ತದೆ. ಆದರೆ ಅದು ಹೌದು, ಅಲ್ಲ ಎಂಬ ಎರಡೇ ಮಾತು ಬಲ್ಲದು. ಶಾಖದಿಂದಲೇ ವೋಲ್ಟೇಜು ಹುಟ್ಟಿಸುವ ಥರ್ಮೋಕಪಲ್ ಕೊಡುವುದು ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್. ಅದನ್ನು ಹಿಗ್ಗಿಸುವ ಆಂಪ್ಲಿಫಯರಿಗೆ ಮತ್ತೆ ಕರೆಂಟು ಬೇಕು.

ಇಷ್ಟು ಚೆಂದದ ಏರ್ಪಾಡನ್ನು ಒಂದು ಕುರುಡು ನಂಬಿಕೆ ಹಾಳುಮಾಡುತ್ತಿದೆ. ಚಾರ್ಜ್ ಏರದಿದ್ದರೆ ಮೂರನೇ ತುದಿಗೆ ಮಾಮೂಲಿ 10,000 ಓಂ ರೆಸಿಸ್ಟರ್ ಬೆಸುಗೆ ಹಾಕಿದರೆ ಸಾಕು ಎಂಬ ನಂಬಿಕೆ ಅದು. ಕೆಲವು ಅಗ್ಗದ ನಕಲಿ ಬ್ಯಾಟರಿಗಳು ಹಾಗೇ ತಯಾರಾಗಿ ಬರುತ್ತವೆ. ಬ್ಯಾಟರಿ ಕುದಿಯುತ್ತಿದ್ದರೂ ಚಾರ್ಜರಿಗೆ ಕಾಣುವುದು ಸದಾ 25 ಡಿಗ್ರಿ. ಇದು ರಿಪೇರಿಯಲ್ಲ, ಕಾವಲುಗಾರನ ಕಣ್ಣು ಕಟ್ಟುವ ಕೆಲಸ. ಲಿಥಿಯಂ-ಅಯಾನ್ ಬ್ಯಾಟರಿಗೆ ಸಾಮಾನ್ಯವಾಗಿ 0ಯಿಂದ 45 ಡಿಗ್ರಿಯ ನಡುವೆ ಮಾತ್ರ ಚಾರ್ಜು ತುಂಬಬೇಕು. ಅದಕ್ಕಿಂತ ಬಿಸಿಯಾದರೆ ಒಳಗಿನ ರಸಾಯನ ಕೆಡುತ್ತ ಹೋಗುತ್ತದೆ. 0ಗಿಂತ ತಣ್ಣಗಿದ್ದರೆ ಗ್ರಾಫೈಟಿನೊಳಗೆ ಸೇರಬೇಕಾದ ಲಿಥಿಯಂ ಮೇಲೆಯೇ ಲೋಹವಾಗಿ ಕೂರುತ್ತದೆ, ಸೂಜಿಗಳಂತೆ ಬೆಳೆದರೆ ಒಳಗೇ ಶಾರ್ಟ್ ಆಗಬಹುದು. ಪರೀಕ್ಷೆ ಸುಲಭ: ತಾಪದ ತುದಿ ಮತ್ತು ಮೈನಸ್ ನಡುವೆ ಮೀಟರ್ ಹಿಡಿದು, ಬ್ಯಾಟರಿಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಮುಚ್ಚಿಡಿ. ಓಂ ಇಳಿಯಬೇಕು. ಕೆಲವು ಬ್ಯಾಟರಿಗಳಲ್ಲಿ ಗುರುತು ಹೇಳುವ ತುದಿಯೂ ಇರುತ್ತದೆ, ಅದರ ಅಂಕಿ ಕದಲುವುದಿಲ್ಲ. ತಾಪದ ತುದಿಯ ಅಂಕಿಯೂ ಕದಲದಿದ್ದರೆ ಆ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ.