ಧನುಷ್ಕೋಟಿಯ ಹಳಿಯಿಲ್ಲದ ನಿಲ್ದಾಣ

ರಾಮೇಶ್ವರದಿಂದ ಹೊರಟ ಬಸ್ಸು ಮನೆಗಳನ್ನೂ ಜಾಲಿಯ ಪೊದೆಗಳನ್ನೂ ಹಿಂದೆ ಬಿಟ್ಟು, ಎರಡೂ ಬದಿಗೆ ನೀರೇ ಕಾಣುವ ಮರಳಪಟ್ಟಿಗೆ ಬರುತ್ತದೆ. ಎಡಗಡೆಯ ನೀರು ಸುಮ್ಮನಿದೆ. ಬಲಗಡೆಯದು ಒಂದೇ ಸಮನೆ ಮೊರೆಯುತ್ತಿದೆ. ಇಲ್ಲಿನವರಿಗೆ ಅದು ಹೆಣ್ಣುಕಡಲು, ಇದು ಗಂಡುಕಡಲು. ಹೆಚ್ಚಿನವರು ಭೂಮಿ ಮುಗಿಯುವ ಅರಿಚಲ್ ಮುನೈವರೆಗೂ ಹೋಗುತ್ತಾರೆ. ನಾವು ನಡುವೆಯೇ, ಧನುಷ್ಕೋಟಿಯ ಪಾಳುಗೋಡೆಗಳ ಹತ್ತಿರ ಇಳಿದುಬಿಡೋಣ.

ಚಿಪ್ಪಿನ ಸರಗಳು ಟಿಕಟಿಕ ಅಲುಗುವ ಅಂಗಡಿಗಳು, ಬಾಣಲೆಯಲ್ಲಿ ಚುಯ್‌ಗುಡುವ ಮೀನು, ಒಣಹಾಕಿದ ಬಲೆಗಳ ಉಪ್ಪುವಾಸನೆ. ಅವನ್ನು ದಾಟಿದರೆ ಸೂರಿಲ್ಲದ ಇಗರ್ಜಿ, ಅಂಚೆ ಕಚೇರಿ, ನೀರಿನ ತೊಟ್ಟಿ, ಮತ್ತೆ ರೈಲು ನಿಲ್ದಾಣದ ಅಳಿದುಳಿದ ಗೋಡೆ. ಈ ಪಾಳುಗೋಡೆಗಳ ಮೇಲೆ ಕೈಯಾಡಿಸಿದರೆ ಹವಳಗಲ್ಲಿನ ಸಣ್ಣ ತೂತುಗಳು ಬೆರಳಿಗೆ ಸಿಗುತ್ತವೆ. ಹಳಿ ಇದ್ದಲ್ಲಿ ಈಗ ಮರಳು.

1914ರಲ್ಲಿ ರಾಮೇಶ್ವರವನ್ನು ಒಳನಾಡಿಗೆ ಸೇರಿಸುವ ಪಾಂಬನ್ ಸೇತುವೆ ತೆರೆದಾಗ ಮದರಾಸಿನ ಬೋಟ್ ಮೇಲ್ ರೈಲು ಬಂದು ನಿಂತದ್ದು ಇಲ್ಲಿ. ಸಾಮಾನು ಹೊತ್ತ ಜನ ರೈಲಿಳಿದು ಸ್ಟೀಮರ್ ಹತ್ತಿ, ಸುಮಾರು 30 ಕಿಲೋಮೀಟರ್ ಆಚೆ, ಶ್ರೀಲಂಕಾದ ತಲೈಮನ್ನಾರಿನಲ್ಲಿ ಇಳಿದು, ಮತ್ತೆ ಕೊಲಂಬೊ ರೈಲು ಹಿಡಿಯುತ್ತಿದ್ದರು. ಸೇತುಸ್ನಾನ ಮುಗಿಸಿ, ಗಂಗೆಗೆ ಹಾಕಲು ಹಿಡಿ ಮರಳು ಗಂಟುಕಟ್ಟಿಕೊಳ್ಳುವ ಯಾತ್ರಿಕರಲ್ಲಿ ನಮ್ಮ ಕನ್ನಡದವರೂ ಇದ್ದರು.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಂತು. ಪಾಂಬನ್ನಿನಿಂದ ಹೊರಟ ಪ್ಯಾಸೆಂಜರ್ ರೈಲು ನಿಲ್ದಾಣ ಮುಟ್ಟುವ ಮೊದಲೇ ಅಲೆಗೆ ಸಿಕ್ಕಿತು. ಒಳಗಿದ್ದ ನೂರಕ್ಕೂ ಹೆಚ್ಚು ಜನ ನೀರುಪಾಲಾದರು. ಅದೇ ಗಾಳಿಗೆ ಮುರಿದ ಪಾಂಬನ್ ಸೇತುವೆಯನ್ನು ಎಂಜಿನಿಯರ್ ಇ. ಶ್ರೀಧರನ್ ಅವರ ತಂಡ 46 ದಿನಗಳಲ್ಲಿ ಎತ್ತಿ ನಿಲ್ಲಿಸಿತು, ರಾಮೇಶ್ವರಕ್ಕೆ ರೈಲು ಮರಳಿತು. ಧನುಷ್ಕೋಟಿಯ ಈ ಕೊನೆಯ ತುಂಡು ಹಳಿಗೆ ಮಾತ್ರ ಆ ಭಾಗ್ಯ ಬರಲಿಲ್ಲ. ಊರು ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರ ಸಾರಿತು.

ಆದರೂ ಮೀನುಗಾರರ ಗುಡಿಸಲುಗಳು ಇಲ್ಲೇ ಇವೆ. ಕಡಲಿನಿಂದ ಕೂಗಳತೆಯಲ್ಲಿ ಹೆಂಗಸರು ಮರಳು ಬಗೆದು ಗುಂಡಿ ತೋಡುತ್ತಾರೆ. ತಳದಲ್ಲಿ ಒಸರುವ ಸಿಹಿನೀರನ್ನು ನಿಧಾನವಾಗಿ ಮೊಗೆದು ಕೊಡ ತುಂಬುತ್ತಾರೆ. 2017ರಲ್ಲಿ ತುದಿಯವರೆಗೂ ಟಾರು ರಸ್ತೆ ಬಂದಿದೆ, ಪ್ರವಾಸಿಗರು ಹೆಚ್ಚಿದ್ದಾರೆ. ಗೋಡೆಯ ಮೇಲೆ ಹೆಸರು ಕೆತ್ತಿ ಫೋಟೊ ತೆಗೆದು ಹೊರಟುಬಿಟ್ಟರೆ ಇಲ್ಲಿ ಕಾಣುವುದು ಕಲ್ಲಷ್ಟೇ. ಬಲೆ ಸರಿಪಡಿಸುತ್ತ ಕೂತವರ ಪಕ್ಕ ಒಂದಿಷ್ಟು ಹೊತ್ತು ಕೂರಿ, ಮಾತಾಡಿಸಿ. ರೈಲು ಕೈಬಿಟ್ಟ ಊರನ್ನು ಕೈಬಿಡದೆ ಉಳಿಸಿಕೊಂಡವರು ಇವರೇ.