ಕಟ್ಟುವ ಹೊಣೆ, ಕಳಚುವ ಹೊಣೆ

ಕಂಪ್ಯೂಟರಿಗೆ ಕ್ರಮವಿಧಿಗಳನ್ನು ಬರೆಯುವವರ ಲೋಕದಲ್ಲಿ ‘ಆಬ್ಜೆಕ್ಟ್’ ಎಂಬ ಮಾತು ಬಹುವಾಗಿ ಬಳಕೆಯಲ್ಲಿದೆ. ಅದನ್ನು ನಾವು ‘ವಸ್ತು’ ಎನ್ನೋಣ. ತೆರೆದಿಟ್ಟ ಒಂದು ಕಡತ, ಬ್ಯಾಂಕಿನ ಒಂದು ಖಾತೆ, ಪರದೆಯ ಮೇಲಿನ ಒಂದು ಚಿತ್ರ, ಇವೆಲ್ಲ ಯಂತ್ರದೊಳಗೆ ಒಂದೊಂದು ವಸ್ತು. ಅವು ಹುಟ್ಟುತ್ತವೆ, ಬಾಳುತ್ತವೆ, ಅಳಿಯುತ್ತವೆ. ಹುಟ್ಟಿಸುವುದರಲ್ಲಿ ಎಲ್ಲರಿಗೂ ಉತ್ಸಾಹವುಂಟು. ಅಳಿಸುವ ಹೊಣೆ ಯಾರದು ಎಂಬುದೇ ತೊಡಕಿನ ಪ್ರಶ್ನೆ.

ಮೊದಲು ಒಂದು ಭೇದವನ್ನು ಮನಗಾಣಬೇಕು. ಸ್ಥಳ ಬೇರೆ, ಆ ಸ್ಥಳದಲ್ಲಿ ನೆಲೆಗೊಳ್ಳುವ ವಸ್ತು ಬೇರೆ. ಮದುವೆಗೆಂದು ಛತ್ರವನ್ನು ಗೊತ್ತುಮಾಡುತ್ತೇವೆ. ಬೀಗದ ಕೈ ಕೈಗೆ ಬಂದ ಮಾತ್ರಕ್ಕೆ ಅದು ಮದುವೆಯ ಮನೆಯಾಗದು. ಹಸೆಮಣೆ, ತೋರಣ, ಪಾತ್ರೆಪರಟಿಗಳು ಅಣಿಯಾಗಬೇಕು. ಮದುವೆ ಮುಗಿದ ಮೇಲೆ ಇವನ್ನೆಲ್ಲ ತೆಗೆದು, ಬಾಡಿಗೆಯ ಪಾತ್ರೆಗಳನ್ನು ಮರಳಿಸಿ, ಕೊನೆಗೆ ಬೀಗದ ಕೈಯನ್ನು ಒಪ್ಪಿಸಬೇಕು. ಸ್ಥಳವನ್ನು ಪಡೆಯುವುದು, ಕಟ್ಟುವುದು, ಕಳಚುವುದು, ಸ್ಥಳವನ್ನು ಹಿಂತಿರುಗಿಸುವುದು: ಹೀಗೆ ಹೆಜ್ಜೆಗಳು ನಾಲ್ಕು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದ ಆರಂಭದಲ್ಲಿ ಡೆನಿಸ್ ರಿಚಿ ರೂಪಿಸಿದ ‘ಸಿ’ ಭಾಷೆಯಲ್ಲಿ ‘ಮ್ಯಾಲಾಕ್’ ಸ್ಥಳವನ್ನು ಕೊಡುತ್ತದೆ, ‘ಫ್ರೀ’ ಹಿಂದಕ್ಕೆ ಪಡೆಯುತ್ತದೆ. ನಡುವಣ ಎರಡು ಹೆಜ್ಜೆಗಳು ಬರೆಯುವವನ ಎಚ್ಚರಕ್ಕೆ ಬಿಟ್ಟವು. ಅಲ್ಲಿಯೇ 1979ರಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರಪ್ ಆರಂಭಿಸಿದ ಕೆಲಸವು 1983ರಲ್ಲಿ ‘ಸಿ ಪ್ಲಸ್ ಪ್ಲಸ್’ ಎಂಬ ಹೆಸರನ್ನು ಪಡೆಯಿತು. ಕಟ್ಟಲು ‘ಕನ್‌ಸ್ಟ್ರಕ್ಟರ್’, ಕಳಚಲು ‘ಡಿಸ್ಟ್ರಕ್ಟರ್’ ಎಂಬ ವಿಧಿಗಳನ್ನು ಅದು ವಸ್ತುವಿಗೇ ಜೋಡಿಸಿಕೊಟ್ಟಿತು. ಒಂದು ಖಂಡದೊಳಗೆ ಕಟ್ಟಿದ ವಸ್ತುಗಳು, ಆ ಖಂಡ ಮುಗಿಯುತ್ತಲೇ, ಕಟ್ಟಿದ ಕ್ರಮಕ್ಕೆ ವಿಲೋಮವಾಗಿ ತಾವಾಗಿಯೇ ಕಳಚಿಕೊಳ್ಳುತ್ತವೆ.

ಹಾಗಿದ್ದ ಮೇಲೆ ಈ ಹೆಜ್ಜೆಗಳನ್ನು ಬಿಡಿಬಿಡಿಯಾಗಿ, ಕೈಯಾರೆ ನಡೆಸುವ ಅಗತ್ಯವಾದರೂ ಏನು? ಆ ಭಾಷೆಯ ‘ವೆಕ್ಟರ್’ ಎಂಬ ಪಟ್ಟಿಯನ್ನೇ ನೋಡಿ. ಹದಿನಾರು ವಸ್ತುಗಳಿಗೆ ಸಾಲುವ ಸ್ಥಳವನ್ನು ಅದು ಮುಂಗಡವಾಗಿ ಪಡೆದಿರಬಹುದು. ಆದರೆ ಸೇರಿಸಿರುವುದು ಐದೇ ಆದರೆ, ಕಟ್ಟಬೇಕಾದದ್ದೂ ಐದೇ, ಕಳಚಬೇಕಾದದ್ದೂ ಐದೇ. ಉಳಿದದ್ದು ಬರಿಯ ಬಯಲು. ಆದುದರಿಂದ ಈಗಾಗಲೇ ಇರುವ ಸ್ಥಳದ ಮೇಲೆ ಕಟ್ಟುವ ‘ಪ್ಲೇಸ್‌ಮೆಂಟ್ ನ್ಯೂ’ ಎಂಬ ವಿಧಾನವನ್ನೂ, ಸ್ಥಳವನ್ನು ಬಿಟ್ಟುಕೊಡದೆ ವಸ್ತುವನ್ನಷ್ಟೇ ಕಳಚುವ ಸ್ವಾತಂತ್ರ್ಯವನ್ನೂ ಭಾಷೆ ಉಳಿಸಿಕೊಂಡಿದೆ.

ಸ್ವಾತಂತ್ರ್ಯವಿದ್ದಲ್ಲಿ ಅಪಾಯವೂ ಉಂಟಷ್ಟೆ. ಪಾತ್ರೆಗಳನ್ನು ಮರಳಿಸದೆ ಬೀಗದ ಕೈಯನ್ನು ಕೊಟ್ಟರೆ ಅವುಗಳ ಬಾಡಿಗೆ ಏರುತ್ತಲೇ ಇರುತ್ತದೆ. ಒಂದೇ ಛತ್ರವನ್ನು ಎರಡು ಬಾರಿ ಒಪ್ಪಿಸಿದಂತೆ ಲೆಕ್ಕದಲ್ಲಿ ಬರೆದುಕೊಂಡರೆ, ಅದು ಎರಡು ಮನೆತನಗಳಿಗೆ ಒಂದೇ ದಿನ ಗೊತ್ತಾಗಿಬಿಡಬಹುದು. ಒಪ್ಪಿಸಿದ ಮೇಲೂ ನಕಲಿ ಕೈಯಿಂದ ಒಳಹೊಗುವುದಂತೂ ಎಲ್ಲಕ್ಕಿಂತ ಘೋರ. ಬಿಟ್ಟುಕೊಟ್ಟ ಆ ಸ್ಥಳದಲ್ಲಿ ದುರುದ್ದೇಶದವನೊಬ್ಬನು ತನ್ನ ಸಾಮಗ್ರಿಯನ್ನು ಇರಿಸಿದ್ದರೆ, ಕ್ರಮವಿಧಿ ಅದನ್ನು ತನ್ನದೇ ವಸ್ತುವೆಂದು ನಂಬಿ ನಡೆದುಕೊಳ್ಳುತ್ತದೆ. ಇದು ಕೇವಲ ಊಹೆಯಲ್ಲ. ಅಂತರಜಾಲವನ್ನು ನೋಡಲು ಕೋಟ್ಯಂತರ ಜನ ಬಳಸುವ ಕ್ರೋಮ್‌ಗೆ ಆಧಾರವಾದ ಕ್ರೋಮಿಯಂನ ನಿರ್ಮಾಪಕರು 2020ರಲ್ಲಿ ತಿಳಿಸಿದಂತೆ, ಅದರ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು ನೂರಕ್ಕೆ 70ರಷ್ಟು ಸ್ಮೃತಿಯ, ಎಂದರೆ ಮೆಮೊರಿಯ, ಬಳಕೆಗೆ ಸೇರಿದವು. ಅವುಗಳಲ್ಲಿ ಅರ್ಧದಷ್ಟು ಈ ಬಗೆಯವು.

ಹೊಣೆಯನ್ನು ಯಂತ್ರಕ್ಕೇ ವಹಿಸುವ ಹಾದಿಯೂ ಹಳೆಯದೇ. ಜಾನ್ ಮೆಕಾರ್ಥಿಯ ‘ಲಿಸ್ಪ್’ ಭಾಷೆಯಲ್ಲಿ 1960ರ ಹೊತ್ತಿಗೇ, ಯಾರ ಬಳಕೆಗೂ ಸಿಲುಕದ ಸ್ಥಳಗಳನ್ನು ತಾನಾಗಿ ಹೆಕ್ಕುವ ವ್ಯವಸ್ಥೆಯಿತ್ತು. ಆದರೆ ಆ ಗುಡಿಸುವಿಕೆಗೆ ಕಾಲ ಬೇಕು. ಕ್ಷಣ ತಪ್ಪಿದರೂ ಕೆಡುವ ಕೆಲಸಗಳಲ್ಲಿ ಅದು ಸಲ್ಲದು. 2015ರಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಕಂಡ ‘ರಸ್ಟ್’ ಭಾಷೆ ಬೇರೊಂದು ನಿಯಮವನ್ನು ತಂದಿತು: ಪ್ರತಿ ವಸ್ತುವಿಗೂ ಒಬ್ಬನೇ ಒಡೆಯ, ಒಡೆತನ ಕೊನೆಗೊಂಡಲ್ಲಿ ವಸ್ತುವೂ ಕಳಚಬೇಕು. ಬಿಟ್ಟುಕೊಟ್ಟ ಸ್ಥಳವನ್ನು ಮತ್ತೆ ಮುಟ್ಟುವ ಬರಹವನ್ನು ಅದು ಓಡುವ ಮೊದಲೇ ತಿರಸ್ಕರಿಸುತ್ತದೆ. ಅಲ್ಲಿಯೂ ಕೈಯಾರೆ ಮಾಡಬೇಕಾದ ಕೆಲಸ ಪೂರ್ತಿಯಾಗಿ ತಪ್ಪಿಲ್ಲ. ಅದಕ್ಕೆ ‘ಅನ್‌ಸೇಫ್’ ಎಂಬ ಹಣೆಪಟ್ಟಿಯ ಆವರಣವೊಂದುಂಟು. ತಪ್ಪನ್ನು ಮೊದಲು ಎಲ್ಲಿ ಹುಡುಕಬೇಕೆಂಬುದಾದರೂ ಆಗ ತಿಳಿದಿರುತ್ತದೆ.

ಹೊಣೆಯನ್ನು ಯಾರಿಗೆ ವಹಿಸಿದರೂ, ಅದು ಇಂಥವರದೆಂದು ಮೊದಲೇ ನಿಶ್ಚಯವಾಗಿರಬೇಕು. ಕಟ್ಟುವಾಗಲೇ ಕಳಚುವವನನ್ನು ಗೊತ್ತುಮಾಡಿಕೊಂಡ ಕಟ್ಟಡವೇ ಸುರಕ್ಷಿತ.