ನೋಟದ ಹಿಂದಿನ ಪ್ರಶ್ನೆ

ಗಣಕಯಂತ್ರದ ದತ್ತಸಂಚಯದಲ್ಲಿ ಕೋಷ್ಟಕದಂತೆ ಕಂಡೂ ಕೋಷ್ಟಕವಲ್ಲದ ವಸ್ತುವೊಂದುಂಟು. ಅದೇ ‘ವ್ಯೂ’, ಎಂದರೆ ನೋಟ. ಸಾಮಾನ್ಯ ನೋಟದಲ್ಲಿ ಅಂಕಿ ಅಂಶಗಳೇನೂ ಶೇಖರವಾಗಿರುವುದಿಲ್ಲ. ಇರುವುದು ಒಂದು ಪ್ರಶ್ನೆ ಮಾತ್ರ. ಕೇಳಿದಾಗಲೆಲ್ಲ ಆ ಪ್ರಶ್ನೆ ಮೂಲ ಕೋಷ್ಟಕಗಳಿಂದ ಉತ್ತರವನ್ನು ಹೊಸದಾಗಿ ತರುತ್ತದೆ.

ನಿವೃತ್ತಿವೇತನದ ನೋಟದಲ್ಲಿ ಒಬ್ಬ ವಿಧವೆಯ ಹೆಸರು ಕಾಣುವುದಿಲ್ಲವೆನ್ನೋಣ. ಮೂಲ ಕೋಷ್ಟಕದಲ್ಲಿ ಆಕೆ ಇದ್ದಾಳೆ. ‘ನೌಕರ ಬದುಕಿರಬೇಕು’ ಎಂಬ ನಿಬಂಧನೆಯೊಂದು ಪ್ರಶ್ನೆಯೊಳಗೆ ಅಡಗಿ, ಆಕೆಯನ್ನು ಹೊರಗಿಟ್ಟಿದೆ. ಗುಮಾಸ್ತನಿಗೆ ಕಾಣುವುದು ನೋಟ ಮಾತ್ರ. ಹಾಗಾದರೆ ಆ ಪ್ರಶ್ನೆಯನ್ನು ಓದುವುದೆಲ್ಲಿ?

1970ರಲ್ಲಿ ಸಂಬಂಧಾತ್ಮಕ ಪದ್ಧತಿಯನ್ನು ಮುಂದಿಟ್ಟ ಎಡ್ಗರ್ ಕಾಡ್ ಇದಕ್ಕೂ ದಾರಿ ತೋರಿಸಿದರು. ಸಂಚಯವು ತನ್ನ ವಿಚಾರವನ್ನೂ ಕೋಷ್ಟಕರೂಪದಲ್ಲೇ ಇಟ್ಟಿರಬೇಕು. ಅದನ್ನು ಅದೇ ಭಾಷೆಯಲ್ಲಿ ಕೇಳುವಂತಿರಬೇಕು. ಇದು 1985ರ ಅವರ ನಿಯಮಗಳಲ್ಲಿ ಒಂದು. 1992ರ ಎಸ್‌ಕ್ಯೂಎಲ್ ಪ್ರಮಾಣ ಇದಕ್ಕೆಂದೇ ‘ಇನ್‌ಫರ್ಮೇಷನ್_ಸ್ಕೀಮಾ’ ಎಂಬ ವಿಭಾಗವನ್ನು ಗೊತ್ತುಮಾಡಿತು. ಅದರ ‘ವ್ಯೂಸ್’ ಎಂಬ ಪಟ್ಟಿಯನ್ನು ‘ಸೆಲೆಕ್ಟ್’ ಆಜ್ಞೆಯಿಂದ ಕೇಳಿದರೆ ನೋಟದ ಹೆಸರೂ ಹಿಂದಿನ ಪ್ರಶ್ನೆಯೂ ದೊರೆಯುತ್ತವೆ. ಒರಾಕಲ್‌ನಲ್ಲಿ ‘ಯೂಸರ್_ವ್ಯೂಸ್’ ಇದೇ ಕೆಲಸ ಮಾಡುತ್ತದೆ.

ಒಂದು ಎಚ್ಚರಿಕೆ. ನೋಟ ಮತ್ತೊಬ್ಬರ ಒಡೆತನದ್ದಾದರೆ, ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಈ ಪಟ್ಟಿ ಹೆಸರನ್ನು ತೋರಿಸಿಯೂ ಪ್ರಶ್ನೆಯ ಜಾಗವನ್ನು ಬರಿದಾಗಿ ಬಿಡಬಹುದು. ಬರಿದೆಂದರೆ ಪ್ರಶ್ನೆಯೇ ಇಲ್ಲವೆಂದಲ್ಲ. ಅಲ್ಲಿನ ‘ಪಿಜಿ_ವ್ಯೂಸ್’ ಪಟ್ಟಿಯಲ್ಲಿ ಅದನ್ನು ಓದಬಹುದು.

ವಿನೋದವೆಂದರೆ, ಈ ಪಟ್ಟಿಗಳೂ ನೋಟಗಳೇ. ಪಟ್ಟಿಯಲ್ಲಿ ಹೆಸರಿಲ್ಲವೆಂದು ಆ ವಿಧವೆಯನ್ನು ಹಿಂದಕ್ಕೆ ಕಳುಹಿಸುವ ಮೊದಲು, ಪಟ್ಟಿ ಯಾವ ಪ್ರಶ್ನೆಗೆ ಉತ್ತರವೆಂಬುದನ್ನು ನೋಡುವುದು ಲೇಸಲ್ಲವೆ?